ಶಕುಂತಲಾದೇವಿಯವರ 26 ಅಂಕಿ ಉತ್ತರ ಎಕ್ಸೆಲ್‌ನಲ್ಲಿ ತಾಳೆ ಆಗ್ತಿಲ್ಲ, ತಪ್ಪು ಯಾರದ್ದು?

ಕಿರ್ದಿಖಾತೆ:

ಎಲ್ರಿಗೂ ನಮಸ್ಕಾರ. ಮಗಳು ಎಂಟನೇ ಕ್ಲಾಸು, ಡಿಸೆಂಬರ್ 22ಕ್ಕೆ ಗಣಿತ ದಿನ ಅಂತ ಸ್ಕೂಲಲ್ಲಿ ಭಾಷಣ ಇದೆ. ಎಲ್ರೂ ರಾಮಾನುಜನ್ ಬಗ್ಗೆನೇ ಹೇಳ್ತಾರೆ ನಾನು ಶಕುಂತಲಾದೇವಿ ಬಗ್ಗೆ ಹೇಳ್ತೀನಿ ಅಂತ ಹಠ ಹಿಡ್ದಿದಾಳೆ, ಒಳ್ಳೇದೇ ಆಯ್ತು ಬಿಡಿ, ಬೆಂಗಳೂರಲ್ಲೇ ಹುಟ್ಟಿದವರು. 1980ರ ಜೂನ್ 18ಕ್ಕೆ ಲಂಡನ್ನಿನ ಇಂಪೀರಿಯಲ್ ಕಾಲೇಜಲ್ಲಿ, ಅಲ್ಲಿನ ಕಂಪ್ಯೂಟರ್ ವಿಭಾಗದವರು ಆರಿಸಿಕೊಟ್ಟ ಎರಡು 13 ಅಂಕಿ ಸಂಖ್ಯೆಗಳನ್ನ ಮನಸ್ಸಲ್ಲೇ ಗುಣಿಸಿ 28 ಸೆಕೆಂಡಲ್ಲಿ ಉತ್ತರ ಹೇಳಿದ್ರಲ್ಲ, ಅದನ್ನೇ ಭಾಷಣದಲ್ಲಿ ಇಟ್ಕೊಂಡಿದಾಳೆ. ಫ್ಯಾಮಿಲಿ ಗ್ರೂಪಿಗೆ ಬಂದ ಫಾರ್ವರ್ಡ್‌ನಿಂದ ಲೆಕ್ಕ ತಗೊಂಡ್ವಿ:

7,686,369,774,870 × 2,465,099,745,779 = 18,947,668,177,995,426,462,737,730

ನಾನು ಅಡಿಕೆ ಮಂಡೀಲಿ ಲೆಕ್ಕ ಬರೆಯೋನು, ತಾಳೆ ನೋಡದೆ ಏನನ್ನೂ ಬಿಡೋ ಅಭ್ಯಾಸ ಇಲ್ಲ. ಎಕ್ಸೆಲ್‌ಗೆ ಹಾಕಿದೆ, ಮೊದ್ಲು 1.89477ಇ+25 ಅಂತ ಬಂತು, ಸೆಲ್ ಅಗಲ ಮಾಡಿ ನಂಬರ್ ಫಾರ್ಮ್ಯಾಟ್ ಕೊಟ್ರೆ 18947668177995400000000000 ಅಂತ ಕೊನೇಲಿ ಹನ್ನೊಂದು ಸೊನ್ನೆ. ಮೊದಲ 15 ಅಂಕಿ ಸರಿ ಇದೆ, ಆಮೇಲೆ ಬೇರೆ. ಪಕ್ಕದ ಟೇಬಲ್‌ನವರು ಎಕ್ಸೆಲ್ ತಪ್ಪು ಮಾಡಲ್ಲ ಕಣ್ರೀ, ಆ ಕಾಲದಲ್ಲಿ ಯಾರು ಕೂತು ಚೆಕ್ ಮಾಡಿರ್ತಾರೆ ಅಂತ ನಗ್ತಿದಾರೆ. ನಂಗೆ ಹೊಟ್ಟೆ ಉರೀತಿದೆ. ಯಾರಾದ್ರೂ ಬಿಡಿಸಿ ಹೇಳಿ.

ಮಂಡ್ಯದ್ ಹೈದ:

ಅಣ್ಣೋ ಮೇಡಮ್ಮೋರ್ನ ಅನುಮಾನ ಪಡ್ಬ್ಯಾಡ. ನಮ್ ಮೇಷ್ಟ್ರು ಹೇಳ್ಕೊಟ್ಟಿದ್ರು, ಒಂಬತ್ತರ ತಾಳೆ. ಮೊದಲನೇ ಸಂಖ್ಯೆ ಅಂಕಿ ಎಲ್ಲಾ ಕೂಡು, 78 ಬತ್ತದೆ, ಅದುನ್ನ ಮತ್ತೆ ಕೂಡು 15, ಮತ್ತೆ ಕೂಡು 6. ಎರಡನೇದು 74, ಅದು 11, ಅದು 2. 6×2=12, ಅಂದ್ರೆ 3. ಈಗ ಉತ್ತರದ 26 ಅಂಕೀನೂ ಕೂಡು, 138, ಅದು 12, ಅದು 3. ಮೂರಕ್ಕೆ ಮೂರು ಸರಿ ಹೋಯ್ತು, ಮುಗೀತು ಕತೆ. ಪಕ್ಕದ ಟೇಬಲ್‌ನವ್ರಿಗೆ ಒಂದು ಟೀ ಕುಡ್ಸಿ ಕಳ್ಸು.

ಕೋಡ್‌ಗುಬ್ಬಿ:

ಎಕ್ಸೆಲ್ ಬಗ್ಗೆ ನಾನು ಹೇಳ್ತೀನಿ, ದಿನಾ ಇದ್ರಲ್ಲೇ ಒದ್ದಾಡೋದು. ಎಕ್ಸೆಲ್ ಒಂದು ಸಂಖ್ಯೆಗೆ 15 ಅಂಕಿ ಮಾತ್ರ ಇಟ್ಕೊಳ್ಳುತ್ತೆ ಸಾರ್, ಮಿಕ್ಕಿದ್ದಕ್ಕೆ ಸೊನ್ನೆ ತುಂಬುತ್ತೆ. ಅದು ಉತ್ತರ ಅಲ್ಲ, ಉತ್ತರದ ಅಂದಾಜು. ಒಳಗಡೆ ಫ್ಲೋಟಿಂಗ್ ಪಾಯಿಂಟ್ ಅಂತ ಒಂದು ಪದ್ಧತಿ, ಅದ್ರಲ್ಲಿ ಸಂಖ್ಯೆಗೆ 53 ಬಿಟ್ ಜಾಗ, ಬಿಟ್ ಅಂದ್ರೆ 0 ಅಥವಾ 1 ಕೂರೋ ಒಂದು ಮನೆ. 13 ಅಂಕಿಯ ಎರಡೂ ಸಂಖ್ಯೆ ಆರಾಮಾಗಿ ಕೂರುತ್ವೆ, ಆದ್ರೆ ಗುಣಿಸಿದ ಮೇಲೆ ಬರೋದಕ್ಕೆ 84 ಬಿಟ್ ಬೇಕು. 53ರಲ್ಲಿ 84 ಹೇಗೆ ತುರುಕ್ತೀರಿ? ಬಲಗಡೆಯ 31 ಬಿಟ್ ಕತ್ತರಿಸಿ ಹೋಗುತ್ತೆ. ಅಂದ್ರೆ ಆ ಎತ್ತರದಲ್ಲಿ ಈ ಪದ್ಧತಿಗೆ ಗೊತ್ತಿರೋ ಒಂದು ಪೂರ್ಣಾಂಕಕ್ಕೂ ಅದರ ಪಕ್ಕದ ಪೂರ್ಣಾಂಕಕ್ಕೂ ನಡುವೆ 2ರ ಘಾತ 31, ಅಂದ್ರೆ 214,74,83,648ರಷ್ಟು ಅಂತರ. ಮಧ್ಯೆ ಇರೋ ಇನ್ನೂರ ಹದಿನಾಲ್ಕು ಚಿಲ್ಲರೆ ಕೋಟಿ ಸಂಖ್ಯೆ ಅದಕ್ಕೆ ಇಲ್ಲವೇ ಇಲ್ಲ. ಬಸ್ಸು ಮೇನ್ ಸ್ಟಾಪಲ್ಲಿ ಮಾತ್ರ ನಿಲ್ಲೋ ಥರ.

ಈ ಉತ್ತರ ಆ ಸ್ಟಾಪಲ್ಲಿ ಇರಬೇಕು ಅಂದ್ರೆ ಅದು 2ರ ಘಾತ 31ರಿಂದ ಭಾಗ ಆಗ್ಬೇಕು, ಆದ್ರೆ ಕೊನೇ ಎರಡಂಕಿ 30, 4ರಿಂದಲೇ ಭಾಗ ಆಗಲ್ಲ. ಹಾಗಾಗಿ ಎಕ್ಸೆಲ್‌ಗೆ ಈ ಸಂಖ್ಯೆ ಸಿಗೋದೇ ಇಲ್ಲ, ಎಷ್ಟು ಸಲ ಎಂಟರ್ ಒತ್ತಿದ್ರೂ ಅಷ್ಟೇ. ಇನ್ನೊಂದು, ಕೊನೇಲಿ ಹನ್ನೊಂದು ಸೊನ್ನೆ ಬರೋದು ಸಾಧ್ಯನೇ ಇಲ್ಲ ಅನ್ನೋದಕ್ಕೆ ಕಂಪ್ಯೂಟರೂ ಬೇಡ, 870ನ್ನ 779ರಿಂದ ಗುಣಿಸಿ, 677730. ಕೊನೇ ಮೂರು ಅಂಕಿ 730 ಆಗ್ಲೇಬೇಕು. ಫೋನಲ್ಲಿದ್ದೀನಿ, ಸಂಜೆ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹಾಕಿ ಪೂರ್ತಿ ಉತ್ತರ ಹೇಳ್ತೀನಿ, ಅದ್ರಲ್ಲಿ ಪೂರ್ಣಾಂಕಕ್ಕೆ ಈ ಮಿತಿ ಇಲ್ಲ.

ಕಿರ್ದಿಖಾತೆ:

ಆಹಾ ಇಬ್ರಿಗೂ ಥ್ಯಾಂಕ್ಸ್. ಹಂಗಾದ್ರೆ ಮಂಡಿ ಲೆಕ್ಕ ಎಕ್ಸೆಲ್‌ನಲ್ಲಿ ಇಡೋದು ಸರಿನಾ ತಪ್ಪಾ ಅಂತ ಒಂದು ಕ್ಷಣ ಭಯ ಆಯ್ತು, ಆಮೇಲೆ ಅನ್ಕೊಂಡೆ ನಮ್ಮ ವಹಿವಾಟು 15 ಅಂಕಿ ಮುಟ್ಟೋದು ಈ ಜನ್ಮದಲ್ಲಿ ಇಲ್ಲ ಅಂತ. ಒಂಬತ್ತರ ತಾಳೆ ಮಗಳಿಗೂ ಹೇಳ್ಕೊಟ್ಟೆ, ಅವಳೇ ಕೂಡಿ 138 ತಂದ್ಲು.

ಹಳೇಮೇಷ್ಟ್ರು:

ಮಂಡ್ಯದವರ ಕೂಡಿಕೆ ಸರಿ, ತೀರ್ಮಾನ ತಪ್ಪು. ನೀವು ಮೇಲೆ ಬರೆದಿರೋ ಉತ್ತರ ಸರಿ ಇಲ್ಲಪ್ಪ.

ಗಾಬರಿ ಆಗ್ಬೇಡಿ, ಹೇಳ್ತೀನಿ. 38 ವರ್ಷ ಹೈಸ್ಕೂಲಲ್ಲಿ ಗಣಿತ ಮಾಡಿದವನು ನಾನು, ಒಂಬತ್ತರ ತಾಳೆ ಕಲಿಸಿದ ಮಾರನೇ ದಿನವೇ ಅದರ ತೂತು ಎಲ್ಲಿದೆ ಅಂತಾನೂ ಕಲಿಸ್ತಿದ್ದೆ. ತಾಳೆ ಆಗದಿದ್ರೆ ತಪ್ಪು ಖಂಡಿತ, ತಾಳೆ ಆದ್ರೆ ಸರಿ ಅಂತ ಖಂಡಿತ ಇಲ್ಲ. ಅಂಕಿ ಅದಲುಬದಲಾದ್ರೆ ಮೊತ್ತ ಬದಲಾಗಲ್ಲವಲ್ಲ.

ಈಗ ಹನ್ನೊಂದರ ತಾಳೆ ನೋಡಿ. ಎರಡನೇ ಸಂಖ್ಯೆ 2465099745779. ಬಲಗಡೆಯಿಂದ ಒಂದು ಬಿಟ್ಟು ಒಂದು ಅಂಕಿ ಕೂಡಿ: 9+7+4+9+0+6+2=37. ಬಿಟ್ಟಿದ್ದನ್ನ ಕೂಡಿ: 7+5+7+9+5+4=37. ಎರಡೂ ಒಂದೇ, ವ್ಯತ್ಯಾಸ ಸೊನ್ನೆ, ಅಂದ್ರೆ ಈ ಸಂಖ್ಯೆ 11ರಿಂದ ನಿಶ್ಶೇಷವಾಗಿ ಭಾಗವಾಗುತ್ತೆ. ಹಾಗಾದ್ರೆ ಅದನ್ನ ಯಾವುದರಿಂದ ಗುಣಿಸಿದ್ರೂ ಬರೋ ಗುಣಲಬ್ಧ 11ರಿಂದ ಭಾಗವಾಗ್ಲೇಬೇಕು, ಅಲ್ವಾ? ನಿಮ್ಮ ಫಾರ್ವರ್ಡ್‌ನ 26 ಅಂಕಿಗೆ ಅದೇ ಮಾಡಿ. ಬೆಸ ಸ್ಥಾನದ್ದು 65, ಸಮ ಸ್ಥಾನದ್ದು 73. ವ್ಯತ್ಯಾಸ 8. ಭಾಗ ಆಗಲ್ಲ.

ಎಲ್ಲಿ ತಪ್ಪಿದೆ ಅಂತಾನೂ ಸ್ವಲ್ಪ ಹುಡುಕಿದೆ. ನಮ್ಮ ಗುಬ್ಬಿ ಕೊನೇ ಮೂರಂಕಿ ನೋಡಿ ನಿಲ್ಲಿಸಿದ್ರು, ಇನ್ನೊಂದು ಹೆಜ್ಜೆ ಹೋಗ್ಬೇಕಿತ್ತು. 4870 × 5779 = 28143730. ಕೊನೇ ನಾಲ್ಕಂಕಿ 3730 ಬರ್ಬೇಕು, ಫಾರ್ವರ್ಡ್‌ನಲ್ಲಿ 7730 ಇದೆ. ಟೈಪ್ ಮಾಡಿದ ಪುಣ್ಯಾತ್ಮ ಅಲ್ಲೇ ಎಲ್ಲೋ ಎರಡು ಅಂಕಿ ತಿರುಗಿಸಿದಾನೆ. ಆ ತಾಯಿ ತಪ್ಪು ಹೇಳಿದ್ದಲ್ಲ.

ಕೋಡ್‌ಗುಬ್ಬಿ:

ಮೇಷ್ಟ್ರೇ ದಂಡಂ ದಶಗುಣಂ 🙏 ಈಗ ಲ್ಯಾಪ್‌ಟಾಪ್ ತೆಗೆದು ಹಾಕಿದೆ. ಪೈಥಾನ್ ಕೊಟ್ಟಿದ್ದು:

18,947,668,177,995,426,462,773,730

ಫಾರ್ವರ್ಡ್‌ನಲ್ಲಿ 462,737,730 ಇತ್ತು, ಇರಬೇಕಾಗಿದ್ದು 462,773,730. ಒಂದು 7, ಒಂದು 3 ಹಿಂದುಮುಂದಾಗಿದೆ ಅಷ್ಟೇ. ನಾನೂ ಕೊನೇ ಮೂರು ನೋಡಿ ಸರಿ ಇದೆ ಅನ್ಕೊಂಡ್ಬಿಟ್ಟಿದ್ದೆ, ನಾಚಿಕೆ.

ಕಿರ್ದಿಖಾತೆ:

ಅಯ್ಯೋ ರಾಮ. ನಾಚಿಕೆ ಆಗ್ಬೇಕಾಗಿದ್ದು ನಂಗೆ. ಸಂಜೆ ರೋಕಡಿ ತಾಳೆ ಆಗ್ದೇ ಇದ್ದಾಗ ನಾವು ಮೊದಲು ನೋಡೋದೇ ಇದನ್ನ, ವ್ಯತ್ಯಾಸ 9ರಿಂದ ಭಾಗ ಆಗುತ್ತಾ ಅಂತ. ಆದ್ರೆ ಯಾರೋ 540 ಬರೆಯೋ ಕಡೆ 450 ಬರೆದಿದಾರೆ ಅಂತ ಲೆಕ್ಕ, ನಮ್ಮ ಹಳೇ ಗುಮಾಸ್ತರು ಹೇಳ್ಕೊಟ್ಟ ವಿದ್ಯೆ. ಇಲ್ಲೂ ವ್ಯತ್ಯಾಸ 36000, ನಾಲ್ಕೊಂಬತ್ಲೇ ಮೂವತ್ತಾರು. ದಿನಾ ಉಪಯೋಗಿಸೋ ಉಪಾಯನೇ ಒಂಬತ್ತರ ತಾಳೆಗೆ ಕಣ್ಣು ಕಟ್ಟುತ್ತೆ ಅಂತ ಇಷ್ಟು ವರ್ಷ ಹೊಳೆದೇ ಇಲ್ಲ.

ಮೇಷ್ಟ್ರೇ, ಹನ್ನೊಂದರ ತಾಳೆ ಯಾವಾಗ್ಲೂ ಹಿಡಿಯುತ್ತಾ ಈ ಅದಲುಬದಲನ್ನ? ಮತ್ತೆ ಈ 26 ಅಂಕಿ ಸಂಖ್ಯೆ ಬಗ್ಗೆ ಮಗಳು ಹೇಳೋಕೆ ಇನ್ನೇನಾದ್ರೂ ವಿಶೇಷ ಇದೆಯಾ?

ಹಳೇಮೇಷ್ಟ್ರು:

ಅಕ್ಕಪಕ್ಕದ ಎರಡು ಬೇರೆಬೇರೆ ಅಂಕಿ ಅದಲುಬದಲಾದ್ರೆ ಯಾವಾಗ್ಲೂ ಹಿಡಿಯುತ್ತೆ. ವ್ಯತ್ಯಾಸ ಅಂದ್ರೆ 9 ಗುಣಿಸು ಆ ಎರಡಂಕಿಯ ಅಂತರ, ಹಿಂದೆ ಒಂದಷ್ಟು ಸೊನ್ನೆ. ಅಂತರ 9ಕ್ಕಿಂತ ಜಾಸ್ತಿ ಆಗಲ್ಲ, ಹಾಗಾಗಿ ಅದ್ರಲ್ಲಿ 11 ಎಂಬ ಅಪವರ್ತನ ಎಲ್ಲಿಂದ ಬರ್ಬೇಕು? ಹಳೇ ಪುಸ್ತಕಗಳ ಹಿಂದೆ ಇರ್ತಿದ್ದ ಹತ್ತಂಕಿಯ ಪುಸ್ತಕ ಗುರುತಿನ ಸಂಖ್ಯೆ ಐಎಸ್‌ಬಿಎನ್ 11ರ ಶೇಷದ ಮೇಲೇ ನಿಂತಿತ್ತು, ಕೊನೇಲಿ ಎಕ್ಸ್ ಅಂತ ಅಕ್ಷರ ಇರೋ ಪುಸ್ತಕ ನೋಡಿರ್ತೀರಿ, ಆ ಎಕ್ಸ್ ಅಂದ್ರೆ ಶೇಷದ ಲೆಕ್ಕದಲ್ಲಿ 10. ಆದ್ರೆ ಒಂದು ಸ್ಥಾನ ಬಿಟ್ಟು ಆಚೆಗಿನ ಅಂಕಿ ಜೊತೆ ಅದಲಾದ್ರೆ 11ಕ್ಕೂ ಗೊತ್ತಾಗಲ್ಲ.

ಅದಕ್ಕೇ ದೊಡ್ಡ ಸಂಖ್ಯೆಗೆ ನಾನು ಮಾಡೋದು ಬೇರೆ. ಮೂರು ಮೂರು ಅಂಕಿಯ ಗುಂಪು ಮಾಡಿ, ಗುಂಪುಗಳನ್ನೇ ಕೂಡಿ. ಇದು 999ರ ತಾಳೆ. ಮೊದಲನೇದು 7+686+369+774+870=2706, ಸಾವಿರ ದಾಟಿದ 2ನ್ನ ಹಿಂದಕ್ಕೆ ಸೇರಿಸಿ 708. ಎರಡನೇದು 2090, ಅಂದ್ರೆ 92. 708×92=65136, ಅಂದ್ರೆ 65+136=201. ಸರಿಯಾದ ಉತ್ತರದ ಒಂಬತ್ತು ಗುಂಪು ಕೂಡಿದ್ರೆ 5196, ಅದು 5+196=201. ಬಂತಲ್ಲ. ಫಾರ್ವರ್ಡ್‌ದು 165 ಬರುತ್ತೆ, ಸಿಕ್ಕಿಬಿದ್ದ.

ಇನ್ನೊಂದು 1001ರ ತಾಳೆ, ಗುಂಪುಗಳನ್ನ ಬಲದಿಂದ ಒಂದು ಕೂಡಿ ಒಂದು ಕಳೀತಾ ಹೋಗೋದು. ಮೊದಲನೇದಕ್ಕೆ −214, ಎರಡನೇದಕ್ಕೆ −330, ಗುಣಿಸಿದ್ರೆ 70620, ಅದ್ರಲ್ಲಿ 70 ಸಲ 1001 ತೆಗೆದ್ರೆ 550. ಉತ್ತರಕ್ಕೂ 550. 999, 1001 ಎರಡೂ ತಾಳೆ ಆಯ್ತು ಅಂದ್ರೆ ತಪ್ಪು ತಪ್ಪಿಸಿಕೊಳ್ಳೋಕೆ ಅದು 9,99,999ರ ಗುಣಕವೇ ಆಗಿರ್ಬೇಕು. ಕೈಬರಹದ ಲೆಕ್ಕಕ್ಕೆ ಇದಕ್ಕಿಂತ ಭದ್ರ ಬೇಡ.

ಇನ್ನು ವಿಶೇಷ. 1001 ಅಂದ್ರೆ 7×11×13, ಹಾಗಾಗಿ ಆ 550 ನೋಡಿದ್ರೇ ಗೊತ್ತಾಗುತ್ತೆ, 11ರಿಂದ ಭಾಗ ಆಗುತ್ತೆ, 7 ಮತ್ತು 13ರಿಂದ ಇಲ್ಲ. ಕೊನೇ ಅಂಕಿ ಸೊನ್ನೆ ಇರೋದ್ರಿಂದ 2 ಮತ್ತು 5, ಅಂಕಿ ಮೊತ್ತ 138 ಆದ್ರಿಂದ 3 ಹೌದು 9 ಅಲ್ಲ. 17, 19 ಕೂಡ ಭಾಗಿಸಿ ನೋಡಿದೆ, ಇಲ್ಲ. ಅಲ್ಲಿಗೆ 20ರೊಳಗಿನ ಅವಿಭಾಜ್ಯಗಳಲ್ಲಿ 2, 3, 5, 11 ಮಾತ್ರ, ತಲಾ ಒಂದೇ ಸಲ, ಒಟ್ಟು 330. ನಿಜ ಹೇಳ್ಬೇಕಂದ್ರೆ ಈ ಸಂಖ್ಯೆಗೆ ಹುಟ್ಟುಗುಣ ಅಂತ ಏನೂ ಇಲ್ಲಪ್ಪ, ಯಾರೋ ಕಣ್ಮುಚ್ಚಿ ಆರಿಸಿದ ಎರಡು ಸಂಖ್ಯೆಯ ಮಗು. ಗುಣ ಬೇಕಂದ್ರೆ 1977ರಲ್ಲಿ ಡಲ್ಲಾಸ್‌ನಲ್ಲಿ ಅವರು 201 ಅಂಕಿಯ ಸಂಖ್ಯೆಗೆ 23ನೇ ಮೂಲ ಹೇಳಿದ್ರಲ್ಲ 50 ಸೆಕೆಂಡಲ್ಲಿ, ಅದರ ಉತ್ತರ ನೋಡಿ: 546372891. ಒಂದರಿಂದ ಒಂಬತ್ತು ಎಲ್ಲಾ ಅಂಕಿ ಒಂದೊಂದೇ ಸಲ. ಮೊತ್ತ 45, ಒಂಬತ್ತರಿಂದ ಭಾಗ. ಭಾಗಿಸ್ತಾ ಹೋದ್ರೆ 3 ಸರಿಯಾಗಿ ಮೂರು ಸಲ ಹೋಗುತ್ತೆ, ಅಂದ್ರೆ ಆ 201 ಅಂಕಿಯ ದೈತ್ಯನೊಳಗೆ 3 ಅನ್ನೋದು 69 ಸಲ ಕೂತಿದೆ. ಇದು ವಿಶೇಷ.

ಸೇಡಂ ಮಂದಿ:

ಸರ ನಮಸ್ಕಾರ್ರಿ. ಈ ಸಂಖ್ಯಾ ಓದೂದು ಹ್ಯಾಂಗ ಅಂತ ಯಾರೂ ಕೇಳ್ಲೇ ಇಲ್ಲಲ್ರಿ? ಪೋರಿ ಭಾಷಣದಾಗ ಹದಿನೆಂಟು ಕಾಮಾ ಒಂಬೈನೂರಾ ನಲವತ್ತೇಳು ಕಾಮಾ ಅಂತ ಓದ್ಲಿಕ್ಕಿ ಬರ್ತದೇನು. ಕೋಟಿ ಲೆಕ್ಕದಾಗ ಹೇಳ್ಬೇಕಂದ್ರ 18,947 ಕೋಟಿ ಕೋಟಿ ಕೋಟಿ ಚಿಲ್ಲರ ಆಗ್ತದ. ಆದ್ರ ನಮ್ಮ ಕಡಿ ಇದಕ್ಕ ಹೆಸರು ಅದ ನೋಡ್ರಿ. ನಮ್ಮ ತಾಲೂಕಿನ ಮಳಖೇಡ ಅಂದ್ರ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷನ ಕಾಲದಾಗ ಒಂಬತ್ತನೇ ಶತಮಾನಕ್ಕ ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರದಾನ. ಅದ್ರಾಗ 24 ಸ್ಥಾನಕ್ಕ ಹೆಸರು ಕೊಟ್ಟಾನ. ಏಕ, ದಶ, ಶತದಿಂದ ಹಿಡದು ಕೋಟಿ, ಅರ್ಬುದ, ಖರ್ವ, ಪದ್ಮ, ಕ್ಷೋಣಿ, ಶಂಖ, ಕ್ಷಿತಿ, ಕ್ಷೋಭ, ಕಡೀಕ ಮಹಾಕ್ಷೋಭ. ಮಹಾಕ್ಷೋಭ ಅಂದ್ರ ಒಂದರ ಮುಂದ 23 ಸೊನ್ನಿ. ನಿಮ್ಮ ಸಂಖ್ಯಾ 26 ಅಂಕಿದು, ಅಂವನ ಪಟ್ಟಿ ಮ್ಯಾಲ ಎರಡು ಮನಿ ದಾಟ್ತದ. 189 ಮಹಾಕ್ಷೋಭ ಚಿಲ್ಲರ ಅಂತ ಹೇಳಸ್ರಿ, ಕೂತಾವ್ರು ಎದ್ದು ಕೂಡ್ತಾರ.

ಇನ್ನೊಂದ ಮಸ್ತ್ ಅದ. ಅಂವ ಹಾರದಂಥಾ ಸಂಖ್ಯಾ ಅಂತ ಕೆಲವು ಗುಣಾಕಾರ ಕೊಟ್ಟಾನ್ರಿ, ಎಡದಿಂದ ಓದಿದ್ರೂ ಬಲದಿಂದ ಓದಿದ್ರೂ ಒಂದೇ. 139 × 109 = 15151. 152207 × 73 = 11111111. 27994681 × 441 = 12345654321. ಮೇಷ್ಟ್ರು ಹುಟ್ಟುಗುಣ ಅಂದ್ರಲ್ಲ, ಅದು ಇಲ್ಲಿ ಅದ. ಪೋರಿ ಬೋರ್ಡ್ ಮ್ಯಾಲ ಇದು ಬರದ್ರ ಸಣ್ಣ ಹುಡುಗೂರೂ ಮಾಡಿ ನೋಡ್ತಾವ.

ಪ್ರನಾಳ:

ಸೇಡಂ ಅಣ್ಣ ಸೂಪರ್. ನಾನು ಕೆಮಿಸ್ಟ್ರಿಯವಳು, ನಂಗೆ 10ರ ಘಾತ 25 ಅಂದ ತಕ್ಷಣ ನೀರು ನೆನಪಾಗುತ್ತೆ. ಅವೊಗ್ಯಾಡ್ರೋ ಸಂಖ್ಯೆಯಿಂದ (ಮೋಲ್ ಅನ್ನೋ ಒಂದು ಅಳತೆಯಲ್ಲಿರೋ ಅಣುಗಳ ಎಣಿಕೆ) ಭಾಗಿಸಿದ್ರೆ 31.46 ಮೋಲ್, ಅಷ್ಟು ನೀರಿನ ಅಣು ತೂಕ ಹಾಕಿದ್ರೆ 567 ಗ್ರಾಂ ಹತ್ರ. ಮಕ್ಕಳ ವಾಟರ್ ಬಾಟಲ್‌ನಲ್ಲಿ ಅರ್ಧ ಲೀಟರ್‌ಗಿಂತ ಸ್ವಲ್ಪ ಮೇಲೆ ನೀರು ತುಂಬಿಸಿ ಕೈಯಲ್ಲಿ ಹಿಡ್ಕೊಂಡು, ಇದ್ರಲ್ಲಿರೋ ಅಣುಗಳಷ್ಟು ದೊಡ್ಡ ಸಂಖ್ಯೆ ಅಂತ ಹೇಳ್ಲಿ.

ನಂಬಿಕೆದ್ರೋಹಿ:

ಎಲ್ಲಾ ಸರಿ, ಆ 28 ಸೆಕೆಂಡ್ ನಂಬ್ತೀರಾ ನೀವು? 13ಕ್ಕೆ 13 ಅಂದ್ರೆ 169 ಸಣ್ಣ ಗುಣಾಕಾರ, ಮೇಲೆ ಕೂಡೋದು ಬೇರೆ. 26 ಅಂಕಿ ಬಾಯಲ್ಲಿ ಹೇಳೋಕೇ ಹತ್ತು ಸೆಕೆಂಡ್ ಬೇಕು.

ಹಳೇಮೇಷ್ಟ್ರು:

ಅನುಮಾನ ನಿಮ್ಮೊಬ್ಬರದ್ದೇ ಅಲ್ಲ, ಲೆಕ್ಕ ಬಲ್ಲವರೂ ಇದನ್ನ ನಂಬೋದು ಕಷ್ಟ ಅಂದಿದಾರೆ. ನನಗೂ ಗುಣಾಕಾರವೇ ಬಿಡಿಸಲಾಗದ ಒಗಟು, ಮೂಲ ತೆಗೆಯೋದು ಅಷ್ಟಲ್ಲ. 1988ರಲ್ಲಿ ಬರ್ಕ್ಲಿಯಲ್ಲಿ ಆರ್ಥರ್ ಜೆನ್ಸನ್ ಅನ್ನೋ ಮನಶ್ಶಾಸ್ತ್ರಜ್ಞರು ಅವರನ್ನ ಪರೀಕ್ಷೆ ಮಾಡಿದ್ರು. 61629875ರ ಘನಮೂಲ ಕೇಳಿದ್ರೆ ನೋಟ್‌ಬುಕ್‌ಗೆ ಬರ್ಕೊಳ್ಳೋ ಮುಂಚೆನೇ 395 ಅಂದ್ರಂತೆ. ಇದಕ್ಕೆ ದಾರಿ ಇದೆ. ಕೊನೇಲಿ 5 ಇದ್ರೆ ಮೂಲದ ಕೊನೇಲೂ 5. 61 ಅನ್ನೋದು 27 ಮತ್ತು 64ರ ಮಧ್ಯೆ, ಹಾಗಾಗಿ ಮೊದಲ ಅಂಕಿ 3. ನಡುವಿನದ್ದಕ್ಕೆ ಮತ್ತೆ ಒಂಬತ್ತರ ಶೇಷ: ಅಂಕಿ ಮೊತ್ತ 44, ಶೇಷ 8, ಅದರಿಂದ ನಡುವಿನ ಅಂಕಿ 0, 3, 6, 9ರಲ್ಲಿ ಒಂದು ಅಂತ ಗೊತ್ತಾಗುತ್ತೆ, 64ರ ಹತ್ರ ಇರೋದ್ರಿಂದ 9. ಎಂಟನೇ ಕ್ಲಾಸಿನ ಮಗೂಗೆ ಒಂದು ವಾರದಲ್ಲಿ ಕಲಿಸ್ತೀನಿ. 201 ಅಂಕಿ ಅಂದ್ರೂ ಬೇಕಾಗಿದ್ದು ಒಂಬತ್ತೇ ಅಂಕಿ.

ಗುಣಾಕಾರಕ್ಕೆ ಅಂಥ ಒಳದಾರಿ ಇಲ್ಲ, 26 ಅಂಕಿಗೂ ಬೆವರು ಸುರಿಸ್ಲೇಬೇಕು. ಅಡ್ಡಗುಣಾಕಾರ ಮಾಡಿದ್ರೂ 25 ಸಾಲು, ನಡುವಿನ ಸಾಲಲ್ಲಿ 13 ಗುಣಲಬ್ಧ ಒಟ್ಟಿಗೆ ಕೂಡ್ಬೇಕು. ಹೇಗೆ ಮಾಡಿದ್ರೋ, ನಾನು ಕಾಗದದ ಮೇಲೆ ಕೂತಾಗ 40 ನಿಮಿಷ ಆಯ್ತು, ಅದೂ ಮೊದಲ ಸಲ ತಪ್ಪಿತು.

ಕಿರ್ದಿಖಾತೆ:

ಮಗಳು ಪೂರ್ತಿ ಪ್ಲ್ಯಾನ್ ಬದಲಾಯಿಸಿದಾಳೆ. ಬೋರ್ಡ್ ಮೇಲೆ ಎರಡೂ ಉತ್ತರ ಬರೀತಾಳಂತೆ, 737 ಇರೋದು ಮತ್ತು 773 ಇರೋದು, ಯಾವುದು ಸರಿ ಅಂತ ಗುಣಿಸದೆ ಹೇಳಿ ಅಂತ ಮೇಷ್ಟ್ರುಗಳನ್ನೇ ಕೇಳ್ತಾಳಂತೆ. ಸರಿಯಾದ್ದು ಬೆಸ ಸ್ಥಾನದ್ದು 69, ಸಮ ಸ್ಥಾನದ್ದು 69 ಬರುತ್ತೆ, ಮೂರು ಸಲ ಕೂಡಿ ನೋಡಿದ್ವಿ. ಫಾರ್ವರ್ಡ್ ಕಳಿಸಿದ ನಮ್ಮ ಚಿಕ್ಕಪ್ಪಂಗೆ ಹೇಳಿದ್ರೆ ಒಂದು ಅಂಕಿ ಹಿಂದೆಮುಂದೆ ಆದ್ರೇನು ಮಹಾ ಅಂದ್ರು, ಅವರ ಬ್ಯಾಂಕ್ ಅಕೌಂಟ್ ನಂಬರಲ್ಲಿ ಹಾಗಾದ್ರೆ ಗೊತ್ತಾಗುತ್ತೆ.

ಮಂಡ್ಯದ್ ಹೈದ:

ನಾನೂ ಕೂಡ್ದೆ ಕನಣ್ಣ, ನಂಗೆ 69 ಒಂದು ಕಡೆ, 68 ಒಂದು ಕಡೆ ಬತ್ತಾ ಅದೆ.

ಹಳೇಮೇಷ್ಟ್ರು:

ಮೊದಲನೇ ದಿನ 138 ಸರಿಯಾಗಿ ಕೂಡಿದ್ರಲ್ಲ. 69 ಮತ್ತೆ 68 ಎಷ್ಟಪ್ಪ?

ಮಂಡ್ಯದ್ ಹೈದ:

137. ಎಡ್ಗಡೆ ತುದೀಲಿರೋ 1ನ್ನ ಬಿಟ್ಬುಟ್ಟಿದ್ದೆ ಸಾ.